ಪೆಟ್ಟಿಗೆಯಲ್ಲೇ ಉಳಿದ ನಕ್ಷತ್ರದ ದೂರ

ಕೈ ಚಾಚಿ ಹೆಬ್ಬೆರಳನ್ನು ಒಂದು ಕಣ್ಣು ಮುಚ್ಚಿ ನೋಡಿ. ಈಗ ಇನ್ನೊಂದು ಕಣ್ಣಿನಿಂದ. ಬೆರಳು ಪಕ್ಕಕ್ಕೆ ಹಾರಿತಲ್ಲ? ಆರು ತಿಂಗಳಲ್ಲಿ ಭೂಮಿ ಸೂರ್ಯನ ಆಚೆ ಬದಿಗೆ ಹೋದಾಗ ಹತ್ತಿರದ ನಕ್ಷತ್ರವೂ ಹೀಗೇ ಚೂರು ಸರಿದಂತೆ ಕಾಣುತ್ತದೆ. ಅದನ್ನಳೆದರೆ ದೂರ ಸಿಕ್ಕಿತು. ಆದರೆ ಆಲ್ಫಾ ಸೆಂಟಾರಿಗೂ ಆ ಚೂರು ಒಂದು ಡಿಗ್ರಿಯ ಸುಮಾರು 2400ನೇ ಒಂದು ಪಾಲು ಅಷ್ಟೆ!

ಇದೇ ನಕ್ಷತ್ರವನ್ನು 1832-33ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದಿಂದ ಅಳೆದವನು ಸ್ಕಾಟ್ಲೆಂಡಿನ ಥಾಮಸ್ ಹೆಂಡರ್ಸನ್. ಅವನಿಗೆ ಆ ಜಾಗವೇ ಹಿಡಿಸಲಿಲ್ಲ. ಕೆಲಸ ಬಿಟ್ಟು, ಅಳತೆಗಳನ್ನು ಕಟ್ಟಿಕೊಂಡು ಊರಿಗೆ ಹೊರಟ. ಲೆಕ್ಕ ಹಾಕಿದರೆ ಉತ್ತರ ಅದರಲ್ಲೇ ಇತ್ತು. ಪಾಪ, ಹೇಳಲು ಧೈರ್ಯ ಸಾಲಲಿಲ್ಲ. ಹಿಂದೆ ಡಬ್ಲಿನ್ನಿನ ಬ್ರಿಂಕ್ಲಿ ಹೀಗೇ ಸಾರಿ, ಅದು ತಪ್ಪೆಂದಾಗಿತ್ತು. ಅಂಜಿಕೆ ಸಹಜವೇ ಬಿಡಿ.

1838ರಲ್ಲಿ ಜರ್ಮನಿಯ ಬೆಸೆಲ್ 61 ಸಿಗ್ನಿ ನಕ್ಷತ್ರದ ದೂರ ಪ್ರಕಟಿಸಿಬಿಟ್ಟ. ಹೆಂಡರ್ಸನ್ ಬಾಯಿ ಬಿಟ್ಟಿದ್ದು 1839ರ ಜನವರಿಯಲ್ಲಿ... ಕೆಲವೇ ತಿಂಗಳು ತಡ.

ತಡವಾಗಿದ್ದಕ್ಕಷ್ಟೇ ಅವನು ಸೋತ ಅಂತ ನನಗನಿಸುವುದಿಲ್ಲ. ಬೆಸೆಲನ ಅಂಕಿ ಈಗಿನದಕ್ಕೆ ಶೇಕಡಾ ಹತ್ತರಷ್ಟು ಹತ್ತಿರವಿತ್ತು; ಹೆಂಡರ್ಸನ್ನನದು ಸುಮಾರು ಒಂದೂವರೆ ಪಟ್ಟು. 1841ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಬೆಸೆಲನಿಗೆ ಹೋಯಿತು. ಮೂರು ವರ್ಷದ ನಂತರ ಹೆಂಡರ್ಸನ್ ತೀರಿಕೊಂಡಾಗ ಅವನಿಗಿನ್ನೂ 45.