ಶುಶ್ರೂಷಾ ವಿದ್ಯೆಯ ಹೊಸ್ತಿಲಲ್ಲಿ ನಮ್ಮ ಹೆಣ್ಣುಮಕ್ಕಳು

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ದೇವಾಲಯದ ಅಡಿಗಲ್ಲು, ಗಂಟೆಗೋಪುರ, ಬಲಿಪೀಠ, ಸೇವೆ ಸಲ್ಲಿಸಿ ಹೋದ ಗುರುವರ್ಯರ ನಾಮಾವಳಿ ಇವುಗಳಿಗೆ ಮೊದಲ ಸ್ಥಾನ ದೊರೆಯುವುದು ಸಹಜವೂ ನ್ಯಾಯವೂ ಆಗಿದೆ. ಆದರೆ ಒಂದು ಧರ್ಮಕೇಂದ್ರದ ಇತಿಹಾಸವು ಕಲ್ಲುಗಾರೆಗಳಲ್ಲಿಯೇ ಮುಗಿದುಹೋಗುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಕೃಷ್ಣಾ-ಘಟಪ್ರಭಾ ಸೀಮೆಯಲ್ಲಿ ಯಾವ ದಾಖಲೆ ಪುಸ್ತಕವೂ ಬರೆದಿಡದ ಇನ್ನೊಂದು ಇತಿಹಾಸವಿದೆ. ಅದು ದಾದಿಯಾಗಬೇಕೆಂದು ಅರ್ಜಿ ಹಾಕಿ, ಉತ್ತರಕ್ಕಾಗಿ ಕಾದು ಕುಳಿತ ಹೆಣ್ಣುಮಕ್ಕಳ ಇತಿಹಾಸ. ಆಯ್ಕೆಯಾಗಿ ಹೋದವರನ್ನು ನಾವು ಬಲ್ಲೆವು. ಬಿಳಿಯ ಉಡುಪಿನಲ್ಲಿ ಅವರನ್ನು ಕಂಡು ಹೆಮ್ಮೆಪಟ್ಟಿದ್ದೇವೆ. ಆದರೆ ಕಾದವರ, ಕಾದು ನಿರಾಶರಾದವರ ಮಾತನ್ನು ನಾವು ಆಡಿದ್ದು ಕಡಮೆ. ಈ ಲೇಖನದಲ್ಲಿ ಅದನ್ನು ಆಡಬೇಕೆಂಬುದೇ ನಮ್ಮ ಉದ್ದೇಶ.

ಇಂದು ಶುಶ್ರೂಷಾ ವಿದ್ಯಾಲಯದ ಒಂದೊಂದು ಸ್ಥಾನಕ್ಕೂ ಅನೇಕರು ಕೈಚಾಚಿ ನಿಲ್ಲುತ್ತಾರೆ. ಒಂದು ಕಾಲದಲ್ಲಿ ಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿತ್ತೆಂದರೆ ನಮ್ಮ ಯುವಜನರು ನಂಬಲಾರರು. 1871ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಆರಂಭವಾದಾಗ ಸೇರಿದ ವಿದ್ಯಾರ್ಥಿನಿಯರು ನಾಲ್ವರೇ ಎಂದು ಶುಶ್ರೂಷೆಯ ಚರಿತ್ರೆ ಹೇಳುತ್ತದೆ. ಅಂದು ಶಾಲೆಯೇ ಹುಡುಗಿಯರಿಗಾಗಿ ಕಾಯುತ್ತಿತ್ತು. ಪರಪುರುಷನ ಹುಣ್ಣು ತೊಳೆಯುವುದು, ಅನ್ಯಜಾತಿಯವರ ಮಲಮೂತ್ರ ಮುಟ್ಟುವುದು, ರಾತ್ರಿಯೆಲ್ಲ ಮನೆಯ ಹೊರಗಿರುವುದು, ಇವೆಲ್ಲ ಕುಲೀನರ ಮನೆಯ ಕನ್ಯೆಗೆ ಸಲ್ಲದ ಕೆಲಸಗಳೆಂದು ಸಮಾಜ ತೀರ್ಪು ಕೊಟ್ಟಿತ್ತು. ಆದ್ದರಿಂದ ಮೊದಮೊದಲು ಈ ವೃತ್ತಿಗೆ ಬಂದವರಲ್ಲಿ ಆಂಗ್ಲೋ-ಇಂಡಿಯನ್ನರು, ಮಿಷನ್ ಆಶ್ರಯದಲ್ಲಿ ಬೆಳೆದ ಅನಾಥೆಯರು, ವಿಧವೆಯರು, ಬಡ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳು ಇವರೇ ಬಹುಪಾಲು.

ನಮ್ಮ ಸೀಮೆಗೆ ಈ ವಿದ್ಯೆಯ ಗಾಳಿ ಬೀಸಿದ್ದು ಮಿರಜದ ಕಡೆಯಿಂದ. ಜಮಖಂಡಿಯನ್ನಾಳಿದಂತೆಯೇ ಮಿರಜ, ಸಾಂಗಲಿಗಳನ್ನೂ ಪಟವರ್ಧನ ಮನೆತನದವರೇ ಆಳುತ್ತಿದ್ದರು; ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ. ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದರು. ಅದರ ಆಶ್ರಯದಲ್ಲಿ ವೈದ್ಯಕೀಯ ಶಾಲೆ, ದಾದಿಯರ ಶಾಲೆ ಎರಡೂ ಬೆಳೆದವು. ನಮ್ಮ ಕಡೆಯವರು ಚಕ್ಕಡಿಯಲ್ಲಿ ಕುಡಚಿಯವರೆಗೆ ಹೋಗಿ ಅಲ್ಲಿಂದ ರೈಲು ಹತ್ತಿ ಮಿರಜ ದವಾಖಾನೆ ಸೇರುತ್ತಿದ್ದ ಕಾಲವದು. ರೋಗಿಯೊಡನೆ ಹೋದ ತಾಯಂದಿರು ಅಲ್ಲಿಯ ನರ್ಸಬಾಯಿಯರನ್ನು ಕಂಡು, ಹೆಣ್ಣು ಹೀಗೂ ಇರಬಹುದೇ ಎಂದು ಬೆರಗಾದರು. ಬೆರಗು ಆಸೆಯಾಗಿ ಮಾಗಲು ಮಾತ್ರ ಇನ್ನೂ ಒಂದೆರಡು ತಲೆಮಾರುಗಳು ಬೇಕಾದವು.

ನಮ್ಮ ಕಥೋಲಿಕ ಧರ್ಮಸಭೆಯೂ ಈ ಕ್ಷೇತ್ರದಲ್ಲಿ ಹಿಂದುಳಿದಿರಲಿಲ್ಲ. 1880ರಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮವನ್ನು ಕಟ್ಟಿದರು. 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಧರ್ಮಭಗಿನಿಯರು ಸಂತ ಮಾರ್ತಾ ಆಸ್ಪತ್ರೆಯನ್ನು ಆರಂಭಿಸಿದರು. ಕರ್ನಾಟಕದ ಕಥೋಲಿಕ ಕುಟುಂಬಗಳಲ್ಲಿ ಮಗಳನ್ನು ನರ್ಸಿಂಗಿಗೆ ಕಳುಹಿಸುವ ಮಾತು ಎದ್ದಾಗ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಈ ಎರಡೂ ಸೇರಿವೆ.

ಇಲ್ಲಿ ಒಂದು ಸಂಗತಿಯನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕೆಂದು ವಿನಂತಿಸುತ್ತೇವೆ. ಅನುಮತಿಗಾಗಿ ಕಾಯುವ ಕಷ್ಟ ನಮ್ಮ ಮನೆಯ ಹುಡುಗಿಯರಿಗೆ ಮಾತ್ರ ಬಂದದ್ದಲ್ಲ. ಧರ್ಮಭಗಿನಿಯರೂ ಅದನ್ನು ಅನುಭವಿಸಿದ್ದಾರೆ. ವ್ರತಧಾರಿಣಿಯರು ರೋಗಿಗಳ ಸೇವೆ ಮಾಡಬಹುದಾಗಿತ್ತು; ಆದರೆ ವೈದ್ಯವೃತ್ತಿ ಹಾಗೂ ಹೆರಿಗೆ ಶಾಸ್ತ್ರದಲ್ಲಿ ತೊಡಗಲು ಧರ್ಮಸಭೆಯ ನಿಯಮಗಳು ಬಹುಕಾಲ ಅಡ್ಡಿಯಾಗಿದ್ದವು. ಪುರುಷ ವೈದ್ಯರನ್ನು ಹತ್ತಿರ ಬರಗೊಡದ ನಮ್ಮ ದೇಶದ ತಾಯಂದಿರು ಹೆರಿಗೆಯಲ್ಲಿ ಸಾಯುತ್ತಿರುವುದನ್ನು ಅರಿತ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರು, ಈ ನಿರ್ಬಂಧ ಸಡಿಲವಾಗಲೆಂದು ರೋಮಿಗೆ ಮತ್ತೆ ಮತ್ತೆ ಮನವಿ ಮಾಡಿಕೊಂಡರು. 1913ರಲ್ಲಿ ಅವರು ತೀರಿಕೊಂಡಾಗಲೂ ಉತ್ತರ ಬಂದಿರಲಿಲ್ಲ. ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ ಅವರು 1920ರಲ್ಲಿ ಗುಂಟೂರಿಗೆ ಬಂದು ಧರ್ಮಭಗಿನಿಯಾದ ಬಳಿಕ, ರೋಮಿನ ವಿಶೇಷ ಅನುಮತಿ ಪಡೆದೇ ವೈದ್ಯಸೇವೆಯನ್ನು ಮುಂದುವರಿಸಬೇಕಾಯಿತು. ಮೆಕ್ಲಾರೆನ್ನರ ಮಾತಿನಿಂದ ಸ್ಫೂರ್ತಿಗೊಂಡ ಅನ್ನಾ ಡೆಂಗೆಲ್ ಅವರು 1925ರಲ್ಲಿ ವೈದ್ಯಕೀಯ ಮಿಷನ್ ಭಗಿನಿಯರ ಸಂಘವನ್ನು ಕಟ್ಟಿದರು. ಕೊನೆಗೆ 1936ರ ಫೆಬ್ರುವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಮಿಷನ್ ಪ್ರದೇಶಗಳ ಧರ್ಮಭಗಿನಿಯರು ವೈದ್ಯ, ಶುಶ್ರೂಷೆ, ಹೆರಿಗೆ ಶಾಸ್ತ್ರಗಳನ್ನು ಕಲಿತು ಸೇವೆ ಸಲ್ಲಿಸಬಹುದೆಂಬ ಆದೇಶ ಪವಿತ್ರ ಪೀಠದಿಂದ ಹೊರಬಿತ್ತು. ಮೇರಿ ಗ್ಲೌರಿ ಅವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿ, 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ದೈವಾಧೀನರಾದರು. ಮನವಿಗೆ ಉತ್ತರ ಬರುವ ಮೊದಲೇ ಮನವಿ ಮಾಡಿದವರು ಕಣ್ಮುಚ್ಚಿದರೂ ಕೆಲಸ ನಿಲ್ಲಲಿಲ್ಲವೆಂಬುದೇ ಈ ಚರಿತ್ರೆಯ ಪಾಠವಾಗಿದೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ದೇಶದ ಸ್ಥಿತಿ ಹೇಗಿತ್ತು? 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯ ಲೆಕ್ಕದಂತೆ ಇಡೀ ಭಾರತದಲ್ಲಿದ್ದ ದಾದಿಯರು ಸುಮಾರು 7,000; ಎಂದರೆ 43,000 ಜನರಿಗೆ ಒಬ್ಬ ದಾದಿ. ಅದೇ ವರ್ಷ ದಿಲ್ಲಿ ಮತ್ತು ವೆಲ್ಲೂರುಗಳಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ ಆರಂಭವಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಜಾರಿಗೆ ಬಂದು, ಶಿಕ್ಷಣದ ಮಟ್ಟಕ್ಕೆ ದೇಶವ್ಯಾಪಿಯಾದ ಒಂದು ಅಳತೆಗೋಲು ದೊರೆಯಿತು. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಭಾಗವೆಲ್ಲ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ದಾದಿಯರ ನೋಂದಣಿಗೆ ನಮ್ಮ ರಾಜ್ಯವೇ ಕಾಯಿದೆ ರೂಪಿಸಿತು. ಹೀಗೆ ಮಿರಜದತ್ತ ನೋಡುತ್ತಿದ್ದ ನಮ್ಮ ಸೀಮೆಯ ಕಣ್ಣು ಬೆಂಗಳೂರು, ಮಂಗಳೂರುಗಳತ್ತಲೂ ತಿರುಗಿತು.

ಆ ದಿನಗಳ ಅರ್ಜಿಯ ಕ್ರಮವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಶಾಲೆಯ ಅಂಕಪಟ್ಟಿ, ಜ್ಞಾನಸ್ನಾನದ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಇವೆಲ್ಲಕ್ಕಿಂತ ಮಿಗಿಲಾಗಿ ವಿಚಾರಣಾ ಗುರುಗಳ ನಡತೆಯ ಪತ್ರ ಬೇಕಾಗುತ್ತಿತ್ತು. ನಂತರ ಸಂದರ್ಶನ. ಮೇಜಿನಾಚೆ ಮೇಟ್ರನ್ ಸಿಸ್ಟರ್. ಈಚೆ ಮೊದಲ ಬಾರಿಗೆ ಊರು ಬಿಟ್ಟು ಬಂದ ಹುಡುಗಿ. ಕನ್ನಡ ಮಾಧ್ಯಮದಲ್ಲಿ ಓದಿದ ಅವಳಿಗೆ ಇಂಗ್ಲಿಷ್ ಪ್ರಶ್ನೆ ಅರ್ಥವಾದರೂ ಉತ್ತರ ಗಂಟಲಲ್ಲಿಯೇ ಉಳಿಯುತ್ತಿತ್ತು. ‘ತಿಳಿಸುತ್ತೇವೆ’ ಎಂಬ ಒಂದು ಮಾತನ್ನು ಕಟ್ಟಿಕೊಂಡು ಅವಳು ಊರಿಗೆ ಮರಳುತ್ತಿದ್ದಳು. ಅಲ್ಲಿಂದ ಮುಂದೆ ಟಪಾಲಿನವನ ಸೈಕಲ್ ಗಂಟೆಯೇ ಅವಳ ಗಡಿಯಾರ. ಕೆಲವರಿಗೆ ಪತ್ರ ಬಂದಿತು. ಕೆಲವರಿಗೆ ಬರಲೇ ಇಲ್ಲ. ಇಲ್ಲವೆಂಬ ಉತ್ತರಕ್ಕಿಂತ ಉತ್ತರವೇ ಇಲ್ಲದಿರುವುದು ಹೆಚ್ಚು ನೋವಿನ ಸಂಗತಿಯೆಂಬುದನ್ನು ಕಾದವರೇ ಬಲ್ಲರು.

ಇಂದು ಕಾಲ ಬದಲಾಗಿದೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಸಜ್ಜಲಶ್ರೀ ನರ್ಸಿಂಗ್ ಸಂಸ್ಥೆ, ಬೆಳಗಾವಿಯಲ್ಲಿ ಕೆ.ಎಲ್.ಇ., ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗಳ ನರ್ಸಿಂಗ್ ಕಾಲೇಜುಗಳು ಸಮೀಪದಲ್ಲಿಯೇ ಇವೆ. ಮಿರಜದ ಹಾದಿಯೊಂದೇ ಇದ್ದ ಕಾಲ ಹೋಗಿದೆ. ಬಿ.ಎಸ್ಸಿ. ನರ್ಸಿಂಗಿಗೆ ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಸರ್ಕಾರಿ ಕೋಟಾದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆ, ರ‍್ಯಾಂಕು, ದಾಖಲೆಗಳ ಪರಿಶೀಲನೆ, ಕಾಲೇಜುಗಳ ಆಯ್ಕೆಪಟ್ಟಿ, ಅಣಕು ಹಂಚಿಕೆ, ಮೊದಲನೆಯ ಸುತ್ತು, ಎರಡನೆಯ ಸುತ್ತು ಎಂಬ ಮೆಟ್ಟಿಲುಗಳಿವೆ. ಮೇಟ್ರನ್ ಸಿಸ್ಟರ ಮೇಜಿನ ಜಾಗದಲ್ಲಿ ಗಣಕಯಂತ್ರ ಕುಳಿತಿದೆ. ಅದು ಹುಡುಗಿಯ ಇಂಗ್ಲಿಷಿನ ತಡವರಿಕೆಗೆ ನಗುವುದಿಲ್ಲ. ಅವಳ ಕಣ್ಣಿನಲ್ಲಿರುವ ಕರುಣೆಯನ್ನೂ ಕಾಣುವುದಿಲ್ಲ.

ಕಾಯುವ ಸಂಕಟ ಮಾತ್ರ ಅಂದಿನಂತೆಯೇ ಇದೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯೊಂದನ್ನು ಕಲ್ಪಿಸಿಕೊಳ್ಳಿರಿ. ಮಗ್ಗದ ಸದ್ದಿನ ನಡುವೆ ಮಗಳು ಮೊಬೈಲನ್ನು ಹತ್ತನೆಯ ಬಾರಿ ತೆರೆದು ನೋಡುತ್ತಾಳೆ. ‘ಇವತ್ತರ ಬಂತೇನ ಮಗಳ?’ ಎಂದು ಅವ್ವ ಕೇಳುತ್ತಾಳೆ. ‘ಇನ್ನ ಇಲ್ಲಬೇ’ ಎಂಬ ಉತ್ತರ. ಅಷ್ಟರಲ್ಲಿ ಸೋದರಮಾವ ಕನ್ಯಾ ನೋಡಲು ಬರುವವರ ಸುದ್ದಿ ತರುತ್ತಾನೆ. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಬೀಳಗಿ ತಾಲ್ಲೂಕಿನ ಕುಟುಂಬದಲ್ಲಿಯೂ, ಮುಧೋಳದ ಕಬ್ಬಿನ ಹೊಲದಲ್ಲಿ ದುಡಿಯುವವರ ಗುಡಿಸಲಿನಲ್ಲಿಯೂ ಇದೇ ದೃಶ್ಯ. ಅಲ್ಲಿ ಸೀಟು ಎಂಬುದು ಒಂದು ಸೀಟು ಮಾತ್ರವಲ್ಲ. ತಮ್ಮನ ಶಾಲೆ, ಅಪ್ಪನ ಸಾಲ, ಅವಳದೇ ಮದುವೆಯ ವಯಸ್ಸು ಎಲ್ಲವೂ ಅದಕ್ಕೆ ಜೋತುಬಿದ್ದಿರುತ್ತವೆ.

ಈ ಆತಂಕವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ‘ಹಣ ಕಟ್ಟಿರಿ, ಸೀಟು ಖಚಿತ’ ಎಂದು ಮನೆಬಾಗಿಲಿಗೆ ಬರುವ ಮಧ್ಯವರ್ತಿಯ ಮಾತಿಗೆ ಮರುಳಾಗಿ, ಮಾನ್ಯತೆಯಿಲ್ಲದ ಸಂಸ್ಥೆಗೆ ಮಗಳನ್ನು ಸೇರಿಸಿದರೆ ವರ್ಷಗಳು ಕಳೆದ ಮೇಲೆ ನೋಂದಣಿಯೇ ದೊರೆಯದು, ನೋಂದಣಿಯಿಲ್ಲದವಳು ದಾದಿಯೆನಿಸಳು. ಆದ್ದರಿಂದ ರಾಜ್ಯ ನರ್ಸಿಂಗ್ ಪರಿಷತ್ತು, ವಿಶ್ವವಿದ್ಯಾಲಯ ಅಥವಾ ಪರೀಕ್ಷಾ ಮಂಡಳಿ ಇವುಗಳ ಮಾನ್ಯತೆಯನ್ನು ವಿಚಾರಿಸದೆ ಒಂದು ರೂಪಾಯಿಯನ್ನೂ ಕೊಡಲಾಗದು. ಈ ವಿಚಾರಣೆ ಮಾಡಿಕೊಡುವುದು ಧರ್ಮಕೇಂದ್ರದ ವಿದ್ಯಾವಂತ ಯುವಕರಿಗೆ ಅರ್ಧ ದಿನದ ಕೆಲಸವಷ್ಟೆ.

ಇನ್ನು, ಆಯ್ಕೆಯಾಗದವರ ಮಾತು. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ದೇವರ ಕರೆಯೇ ಇಲ್ಲವೆಂದು ತಿಳಿಯುವುದು ತಪ್ಪು. ಪಟ್ಟಿ ಅಂಕಗಳನ್ನು ಅಳೆಯುತ್ತದೆ. ಕರೆಯನ್ನು ಅಳೆಯುವ ಕೋಲು ಪಟ್ಟಿಯ ಬಳಿ ಇಲ್ಲ. ಶುಶ್ರೂಷೆಯ ಮನೆಗೆ ಒಂದೇ ಬಾಗಿಲಲ್ಲ. ಎರಡು ವರ್ಷಗಳ ಎ.ಎನ್.ಎಂ., ಮೂರು ವರ್ಷಗಳ ಜಿ.ಎನ್.ಎಂ., ನಾಲ್ಕು ವರ್ಷಗಳ ಬಿ.ಎಸ್ಸಿ. ಎಂಬ ಮೂರು ಮೆಟ್ಟಿಲುಗಳಿವೆ. ನೋಂದಾಯಿತ ಎ.ಎನ್.ಎಂ. ಮುಂದೆ ಜಿ.ಎನ್.ಎಂ.ಗೆ ಅರ್ಜಿ ಹಾಕಬಹುದು, ಜಿ.ಎನ್.ಎಂ. ಮುಗಿಸಿದವಳು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವೀಧರೆಯಾಗಬಹುದು. ಹಳ್ಳಿಯ ಉಪಕೇಂದ್ರದಲ್ಲಿ ಲಸಿಕೆ ಹಾಕುವ, ನಡುರಾತ್ರಿ ಹೆರಿಗೆಗೆ ಓಡುವ ಎ.ಎನ್.ಎಂ. ತಾಯಿಯ ಸೇವೆ ನಗರದ ದೊಡ್ಡ ಆಸ್ಪತ್ರೆಯ ಸೇವೆಗಿಂತ ಕಿರಿದೇನಲ್ಲ. 2020ರ ಕೊರೋನಾ ಕಾಲದಲ್ಲಿ ಇದನ್ನು ನಾವೆಲ್ಲರೂ ಕಣ್ಣಾರೆ ಕಂಡೆವು.

ಆದುದರಿಂದ ಶತಮಾನೋತ್ಸವದ ಈ ಸಂದರ್ಭದಲ್ಲಿ ಪಾಲಕರಲ್ಲಿಯೂ ಹಿರಿಯರಲ್ಲಿಯೂ ನಮ್ಮ ನಮ್ರ ಬಿನ್ನಹವಿಷ್ಟೆ: ಮಗಳು ಕಾಯುತ್ತಿರುವಾಗ ಅವಸರದಿಂದ ಲಗ್ನ ಗೊತ್ತುಮಾಡಬೇಡಿರಿ. ಸೀಟು ಸಿಗದಿದ್ದರೆ ಅವಳನ್ನು ಹಂಗಿಸದೆ, ಇನ್ನೊಂದು ವರ್ಷ ಓದಲು ಅಥವಾ ಇನ್ನೊಂದು ಬಾಗಿಲು ತಟ್ಟಲು ನೆರವಾಗಿರಿ. ಸೀಟು ದೊರೆತವಳಿಗಾಗಿ ಬಲಿಪೂಜೆಯಲ್ಲಿ ಕೃತಜ್ಞತೆ ಸಲ್ಲಿಸುವಂತೆಯೇ ದೊರೆಯದವಳನ್ನೂ ಹೆಸರು ಹಿಡಿದು ಸ್ಮರಿಸೋಣ. ಮೊದಲು ಶಾಲೆ ಹುಡುಗಿಯರಿಗಾಗಿ ಕಾದಿತು. ಆಮೇಲೆ ಧರ್ಮಭಗಿನಿಯರು ಆದೇಶಕ್ಕಾಗಿ ಕಾದರು. ಇಂದು ನಮ್ಮ ಮಕ್ಕಳು ಕಾಯುತ್ತಿದ್ದಾರೆ. ಅವರೊಡನೆ ಕುಳಿತು ಕಾಯುವುದನ್ನು ನಮ್ಮ ಧರ್ಮಕೇಂದ್ರ ಕಲಿತರೆ, ಮುಂದಿನ ನೂರು ವರ್ಷಗಳ ಚರಿತ್ರೆ ಬರೆಯುವವರು ಈ ಪುಟವನ್ನು ಇಷ್ಟು ತಡವಾಗಿ ಬರೆಯಬೇಕಾಗುವುದಿಲ್ಲ.