ಕಪ್ಪು ಸೆರಗಿನ ಮೇಲಿನ ನೀಲಿ

ಗೆಳತಿ ತಂದು ತೋರಿಸಿದ ಪದಕ ನೋಡಿ ನನಗೆ ನಿರಾಸೆಯೇ ಆಯಿತು. ಬಿಳಿ ಕರವಸ್ತ್ರದ ಮೇಲೆ ಅದು ಜೋನಿಬೆಲ್ಲದ ಬಣ್ಣದ ಒಂದು ತುಣುಕು, ಅಷ್ಟೆ. "ಇದನ್ನೇನೇ ನೀಲಿ ಅಂಬರ್ ಅನ್ನೋದು?" ಎಂದೆ. ಅವಳು ನಗುತ್ತಾ ನನ್ನನ್ನು ಅಂಗಳದ ಬಿಸಿಲಿಗೆ ಕರೆದೊಯ್ದು, ಪದಕವನ್ನು ನನ್ನ ಕಪ್ಪು ಸೆರಗಿನ ಮೇಲಿಟ್ಟಳು. ಬೆಲ್ಲದ ತುಣುಕು ನವಿಲುಗರಿಯ ನೀಲಿಯಾಗಿಬಿಟ್ಟಿತು!

ಅಂಬರ್ ಕಲ್ಲಲ್ಲ, ಮರದ ರಾಳ. ಉಜ್ಜಿದರೆ ಹುಲ್ಲೆಸಳನ್ನು ಸೆಳೆಯುವುದರಿಂದ ಸಂಸ್ಕೃತದಲ್ಲಿ ಇದು ತೃಣಮಣಿ. ಗ್ರೀಕರು ಎಲೆಕ್ಟ್ರಾನ್ ಎಂದರು. ಎಲೆಕ್ಟ್ರಿಸಿಟಿ ಎಂಬ ಹೆಸರು ಹುಟ್ಟಿದ್ದು ಅದರಿಂದಲೇ. ನೀಲಿ ಅಂಬರ್‌ಗೆ ಹೆಸರಾದದ್ದು ಕೆರಿಬಿಯನ್ನಿನ ಡೊಮಿನಿಕನ್ ಗಣರಾಜ್ಯ. 1492ರಲ್ಲಿ ಕೊಲಂಬಸ್ ಬಂದಿಳಿದ ಹಿಸ್ಪಾನಿಯೋಲಾ ದ್ವೀಪದ ಪೂರ್ವಭಾಗ ಅದು.

ಸುಮಾರು ಒಂದೂವರೆಯಿಂದ ಎರಡು ಕೋಟಿ ವರ್ಷಗಳ ಹಿಂದೆ ಅಲ್ಲಿ ಹೈಮೆನಿಯಾ ಎಂಬ ಮರಗಳ ಕಾಡಿತ್ತು. ನಮ್ಮ ಹುಣಸೆಯ ದೂರದ ಬಳಗ ಅವು. ಕೊಂಬೆ ಮುರಿದಾಗ, ಹುಳು ಕೊರೆದಾಗ, ಮರ ರಾಳ ಸುರಿಸಿ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಆ ರಾಳ ನೀರಿನಲ್ಲಿ ಕೊಚ್ಚಿಹೋಗಿ, ಮರಳು ಮತ್ತು ಕೊಳೆತ ಸೊಪ್ಪುಸದೆಯ ನಡುವೆ ಹೂತು, ಕಾಲಕ್ರಮದಲ್ಲಿ ಗಟ್ಟಿಯಾಯಿತು. ಮುಂದೆ ಆ ಪದರಗಳೇ ಮೇಲೆದ್ದು ಬೆಟ್ಟಗಳಾದವು.

ನೀಲಿಯ ಗುಟ್ಟೇನು? ಈ ರಾಳದಲ್ಲಿರುವ ಕೆಲವು ಹೈಡ್ರೋಕಾರ್ಬನ್ ಅಣುಗಳು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತವೆ. 1852ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಇಂಥ ಹೊಳಪಿಗೆ ಫ್ಲೋರಸೆನ್ಸ್ ಎಂದು ಹೆಸರಿಟ್ಟರು. ನಾವು ಬಟ್ಟೆ ಒಗೆಯುವ ಎಷ್ಟೋ ಪುಡಿಗಳಲ್ಲಿ ಬಿಳುಪಿನ ಹೊಳಪಿಗೆಂದು ಸೇರಿಸುವ ವಸ್ತು ಮಾಡುವುದೂ ಇದೇ ಕೆಲಸವನ್ನು. ಬಿಳಿ ಬಟ್ಟೆಯ ಮೇಲಿಟ್ಟರೆ ಕೆಳಗಿನಿಂದ ಮರಳಿ ಬರುವ ಹಳದಿ ಬೆಳಕಿನಲ್ಲಿ ಈ ನೀಲಿ ಮುಳುಗಿಹೋಗುತ್ತದೆ. ಕಪ್ಪಿನ ಮೇಲೆ ಆ ಅಡ್ಡಿಯಿಲ್ಲ.

ಸಾಂಟಿಯಾಗೋ ನಗರದ ಉತ್ತರದ ಬೆಟ್ಟಗಳಲ್ಲಿ ಇದನ್ನು ಕೈಯಿಂದಲೇ ಅಗೆಯುತ್ತಾರೆ. ಇಕ್ಕಟ್ಟಾದ ಸುರಂಗಗಳಲ್ಲಿ ತೆವಳಿಕೊಂಡು, ಗುದ್ದಲಿ ಉಳಿಗಳಿಂದ ಒಂದೊಂದೇ ತುಂಡನ್ನು ಬಿಡಿಸುತ್ತಾರೆ. ಮಳೆ ಬಂದರೆ ನೀರು ತುಂಬುವ, ಮಣ್ಣು ಕುಸಿಯುವ ಭಯ.

ಇದನ್ನೆಲ್ಲ ಓದಿ ತಿಳಿದ ಮೇಲೆ ಆ ಪದಕವನ್ನು ಇನ್ನೊಮ್ಮೆ ಕೇಳಿ ನೋಡಿದೆ. ಮರದ ಗಾಯಕ್ಕೆ ರಾಳವಿತ್ತು. ಅದನ್ನು ಅಗೆದವನ ಕೈಯ ಗಾಯಕ್ಕೆ ಏನಿತ್ತೋ! ನಾವು ಚೌಕಾಸಿ ಮಾಡುವ ಬೆಲೆಯಲ್ಲಿ ಆ ಕೈಗೆ ಎಷ್ಟು ತಲುಪುತ್ತದೆ ಎಂದು ಒಡವೆಯ ಅಂಗಡಿಯಲ್ಲಿ ನಾನಂತೂ ಎಂದೂ ಕೇಳಿರಲಿಲ್ಲ.