ಮಣ್ಣಿನ ಮದ್ದು, ಹೃದಯದ ಬೂಷ್ಟು

1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ನಿಸ್ಟಾಟಿನ್ ಪಡೆದರು. ಶಿಲೀಂಧ್ರವನ್ನು ಕೊಲ್ಲುವ ಈ ಮದ್ದನ್ನು ರಕ್ತಕ್ಕೆ ಚುಚ್ಚುವಂತಿರಲಿಲ್ಲ, ಅಷ್ಟು ವಿಷ. ಆ ದಶಕ ಮುಗಿಯುವುದರೊಳಗೆ ವೆನೆಜುವೆಲಾದ ಒರಿನೋಕೊ ನದಿ ಸೀಮೆಯ ಮಣ್ಣು ಆಂಫೋಟೆರಿಸಿನ್-ಬಿ ಕೊಟ್ಟಿತು. ಪುಣೆಯವರಿಗೆ ಪರಿಚಿತವಾದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ, ಕರ್ನಾಟಕ ಮೂಲದ ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಅದೇ ಕುಲದ ಹ್ಯಾಮೈಸಿನ್ ಕಂಡುಹಿಡಿದರು.

ಮದ್ದು ಬಂದ ಹೊತ್ತಿಗೇ ರೋಗಕ್ಕೂ ಹೊಸ ದಾರಿ ತೆರೆದಿತ್ತು. 1960ರಿಂದ ಕೃತಕ ಕವಾಟಗಳು ಎಷ್ಟೋ ಜೀವ ಉಳಿಸಿದವು. ಆದರೆ ಕ್ಯಾಂಡಿಡಾ, ಆಸ್ಪರ್ಜಿಲಸ್‌ಗಳಿಗೆ ಅಂಟಿಕೊಳ್ಳಲು ನೆಲೆಯನ್ನೂ ಕೊಟ್ಟವು. ರಕ್ತನಾಳದಲ್ಲಿ ದಿನಗಟ್ಟಲೆ ಉಳಿಯುವ ನಳಿಕೆ, ದೀರ್ಘಕಾಲದ ಆಂಟಿಬಯೋಟಿಕ್, ಕುಗ್ಗಿದ ರೋಗನಿರೋಧಕ ಶಕ್ತಿ, ಚುಚ್ಚಿಕೊಳ್ಳುವ ಮಾದಕವಸ್ತು ಇವೂ ಕಾರಣಗಳೇ. ಕವಾಟದ ಮೇಲೆ ಬೆಳೆದ ಗಡ್ಡೆ ತುಂಡಾಗಿ ಮಿದುಳಿನ ಅಥವಾ ಕಾಲಿನ ರಕ್ತನಾಳವನ್ನು ಮುಚ್ಚಬಹುದು. ಆಸ್ಪರ್ಜಿಲಸ್ ಆದರೆ ರಕ್ತಪರೀಕ್ಷೆಯಲ್ಲಿ ಸಿಕ್ಕುವುದೇ ಅಪರೂಪ.

ಆ ಗಡ್ಡೆಯೊಳಕ್ಕೆ ಮದ್ದು ಸರಿಯಾಗಿ ಇಳಿಯದು. ಆದ್ದರಿಂದ ಸಾಧ್ಯವಾದಲ್ಲಿ ಸೋಂಕಿತ ಕವಾಟವನ್ನೇ ತೆಗೆದು, ವಾರಗಟ್ಟಲೆ ಮದ್ದು ಕೊಟ್ಟು, ಮರುಕಳಿಸದಂತೆ ಮುಂದೆಯೂ ಮಾತ್ರೆ ನುಂಗಿಸುತ್ತಾರೆ. ಇಷ್ಟಾದರೂ ಇಂದಿಗೂ ಸುಮಾರು ಅರ್ಧದಷ್ಟು ರೋಗಿಗಳು ಉಳಿಯುವುದಿಲ್ಲ. ಕವಾಟ ಬದಲಿಸಿಕೊಂಡವರು ಬಿಡದ ಜ್ವರವನ್ನು ಹಗುರವಾಗಿ ಕಾಣಬಾರದೆನ್ನುವುದು ಇದಕ್ಕೇ.